ಹುಣಸೆ ಅಂಟಿನ ಹಡಗುಗಳು

ನಮ್ಮ ಮನೆಯ ಹೊಸ್ತಿಲು ದಾಟುವಾಗ ತಲೆ ಬಗ್ಗಿಸಬೇಕಿತ್ತು. ಬಾಗಿಲು ಗಿಡ್ಡ ಇತ್ತೆಂದಲ್ಲ. ಒಳಗೆ ಕಾಲಿಟ್ಟ ಕೂಡಲೇ ಪಡಸಾಲೆಯ ತೊಲೆಗೆ ಒಂದು ಕಟ್ಟಿಗೆಯ ಹಡಗು ತೂಗುಬಿದ್ದಿತ್ತು, ಗೊತ್ತಿಲ್ಲದವರ ಹಣೆಗೆ ಅದರ ತಳ ಸರಿಯಾಗಿ ಬಡಿಯುತ್ತಿತ್ತು. ದೀಪ ಇಡುವ ಮಾಡದಲ್ಲಿ ಒಂದು ಸಣ್ಣ ಹಡಗು, ಜೋಳದ ಚೀಲಗಳ ಮೇಲೆ ಎರಡು ಹಾಯಿಯದ್ದೊಂದು, ಹಾಸಿಗೆ ಸುತ್ತಿಡುವ ಹಲಗೆಯ ಮೇಲೆ ಅರ್ಧ ಮುಗಿದದ್ದೊಂದು. ಇದೆಲ್ಲ ಎಲ್ಲಿ ಅಂತೀರಿ? ಕುಕನೂರಿನಲ್ಲಿ. ಕುಡಿಯುವ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಊರಲ್ಲಿ. ಆ ನೀರು ಬಿಡುವ ಕೆಲಸ ನಮ್ಮಪ್ಪ ನಿಂಗಪ್ಪನದು. ನಸುಕಿನಲ್ಲಿ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಓಣಿ ಓಣಿ ತಿರುಗಿ ವಾಲ್ ತಿರುವಿ ಬಂದನೆಂದರೆ ಹೊತ್ತು ಏರುವಷ್ಟರಲ್ಲಿ ಅವನ ಕೆಲಸ ಮುಗಿಯುತ್ತಿತ್ತು. ಮುಂದಿನ ಹೊತ್ತೆಲ್ಲ ಹಡಗಿನದು. "ಕೊಡ ತುಂಬಾಕ ನೀರಿಲ್ಲ, ಹಡಗಿಗೇನ ಕಡಿಮಿ ಇಲ್ಲ" ಎಂದು ಅವ್ವ ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು. ಈಗ ಕುಷ್ಟಗಿಯಲ್ಲಿ ನನ್ನ ಜೊತೆ ಸಾಲಿ ಕಲಿಸುವ ಟೀಚರುಗಳಿಗೆ ಒಮ್ಮೆ ಇದನ್ನು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ಬಂದು ಎದ್ದು ಹೋದೆ. ನಗುವಂಥದ್ದೇ ಅದು, ಅವರ ತಪ್ಪೇನೂ ಇಲ್ಲ. ಆದರೂ ನನಗೆ ತಡೆದುಕೊಳ್ಳಲು ಆಗಲಿಲ್ಲ.

ಹಡಗು ಶುರುವಾದದ್ದು ನಮ್ಮಣ್ಣ ಮಂಜುನಾಥನಿಂದ. ಅವನು ನನಗಿಂತ ಬಹಳ ದೊಡ್ಡವ. ನಡುವೆ ಹುಟ್ಟಿದವು ಉಳಿಯಲಿಲ್ಲ, ಹಾಗಾಗಿ ನಾನು ಬೆಳೆದದ್ದೇ ಅವನ ಹೆಗಲ ಮೇಲೆ. ಆ ಹೊತ್ತಿಗೆ ಬೇವೂರಿನ ಕಡೆಯ ಹುಡುಗರು ಗುಂಪು ಕಟ್ಟಿಕೊಂಡು ಸಮುದ್ರದ ದಂಡೆಗೆ, ಮೀನು ಹಿಡಿಯುವ ಬೋಟುಗಳ ಕೆಲಸಕ್ಕೆ ಹೋಗುತ್ತಿದ್ದರು. ಈಜು ಬಾರದ ಹುಡುಗರು, ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಹುಡುಗರು. ಹೋದವರು ಕೈಗೆ ವಾಚು ಕಟ್ಟಿಕೊಂಡು ಬಂದರು, ಸಮುದ್ರದ ಕತೆ ಹೇಳಿದರು. ಮಂಜಣ್ಣನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಅಪ್ಪ "ಹೋಗಿ ಬರಲಿ ಬಿಡು, ಗಂಡು ಹುಡುಗ" ಎಂದ. ಅವ್ವ ಕಟಿರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿದಳು. ಆ ಬುತ್ತಿಯ ವಿಷಯ ಮುಂದೆ ನಮ್ಮ ಮನೆಯಲ್ಲಿ ಎಷ್ಟು ಸಲ ಬಂತೋ ದೇವರೇ ಬಲ್ಲ.

"ಕಳಿಸಿದಾವ್ರು ನೀವು."

"ಬುತ್ತಿ ಕಟ್ಟಿದಾಕಿ ನೀನು."

ಜಗಳ ಇದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಇಬ್ಬರೂ ತಂತಮ್ಮ ಮಾತು ಆಡಿ, ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು.

ಮಂಜಣ್ಣ ಕಾಣೆಯಾದ ಸುದ್ದಿ ಬಂದಾಗ ಅಪ್ಪ ಮತ್ತು ನಮ್ಮ ಸೋದರಮಾವ ಇಬ್ಬರೂ ದಂಡೆಗೆ ಹೋದರು. ಬೋಟಿನವರು ಹೇಳಿದ್ದು ಇಷ್ಟು: ರಾತ್ರಿ ಊಟ ಮಾಡಿ ಹಿಂದಿನ ತುದಿಯಲ್ಲಿ ನಿಂತಿದ್ದ, ಬೆಳಿಗ್ಗೆ ಇರಲಿಲ್ಲ. ಹುಡುಕಿದರು. ಬೇರೆ ಬೋಟುಗಳವರೂ ಹುಡುಕಿದರು. ಹೆಣ ಸಿಗಲಿಲ್ಲ. ಅಲ್ಲಿನವರ ಕನ್ನಡ ಅಪ್ಪನಿಗೆ ತಿಳಿಯದು, ಅಪ್ಪನದು ಅವರಿಗೆ ತಿಳಿಯದು. ಹೆಣ ತೇಲಿ ಬರಬಹುದೆಂದು ಕಾಯುತ್ತ ಅವನು ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಕಟ್ಟಿಹಾಕಿದ್ದ ಅದೇ ಬೋಟಿನ ಮೇಲೆ ಕೂತ. ಕೂತಲ್ಲಿ ಮಾಡುವುದೇನು? ಬೋಟನ್ನು ಗೇಣು ಹಾಕಿ ಅಳೆದ. ಉದ್ದ, ಅಗಲ, ಅಂಚಿನ ಎತ್ತರ, ಮಂಜಣ್ಣ ನಿಂತಿದ್ದ ಜಾಗ. ಊರಿಗೆ ಬಂದಾಗ ಅವನ ಕೈಯಲ್ಲಿ ಮಂಜಣ್ಣನ ಬಟ್ಟೆಯ ಚೀಲ, ತಲೆಯಲ್ಲಿ ಆ ಅಳತೆ. ಅವ್ವ ಓಣಿಗೆಲ್ಲ ಕೇಳುವಂತೆ ಹಾಡಿಕೊಂಡು ಅತ್ತಳು. ಅಪ್ಪ ಅಳಲಿಲ್ಲ. ಹಿತ್ತಲಲ್ಲಿದ್ದ ಬೇವಿನ ತುಂಡೊಂದನ್ನು ತಂದು, ಕುಡಗೋಲಿನಿಂದ ಕೆತ್ತತೊಡಗಿದ.

ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಬರುವ ಪದ್ಧತಿ. ಬಡಿಗೇರ ಮೌನೇಶಜ್ಜ ಹಾಗೆ ಬಂದವನು. ಮುಪ್ಪಿನವ, ಊರಿನ ಅರ್ಧ ಮನೆಗಳ ಬಾಗಿಲು ಅವನ ಕೈಯವು. ಬಂದು ಕೂತ, ಅಪ್ಪನ ಕೈಯ ಕಡೆ ನೋಡಿದ, ಸಮಾಧಾನದ ಮಾತು ಆಡಬೇಕೆಂದು ಬಾಯಿ ತೆರೆದವನಿಗೆ ತಡೆದುಕೊಳ್ಳಲಾಗಲಿಲ್ಲ.

"ಕಟ್ಟಿಗಿ ಕೊಲ್ಲಾಕತ್ತಿಯಲ್ಲೋ ತಮ್ಮಾ! ಎಳಿ ಎತ್ತಾಗ ಐತಿ, ನೀ ಎತ್ತಾಗ ಕೆತ್ತಾಕತ್ತಿ? ಕೊಡಿಲ್ಲಿ. ಏನಿದು, ಬಾನಿಯೇನು?"

"ಬೋಟ, ಅಜ್ಜ."

"ಬೋಟ್ ಮಾಡಿ ಏನ್ಮಾಡ್ತಿ?"

"ನೋಡಬೇಕು. ಇಲ್ಲೀಮಟ ಅಂಚ ಐತಿ" ಎಂದು ಅಪ್ಪ ತನ್ನ ಸೊಂಟ ಮುಟ್ಟಿ ತೋರಿಸಿದ. "ಇಷ್ಟೆತ್ತರ ಅಂಚ ಇದ್ದಿದ್ದು, ಅಂವ ಹೆಂಗ ಬಿದ್ದ? ಹೆಂಗ ಬೀಳಾಕ ಸಾಧ್ಯ? ಅದನ್ನ ಮಾಡಿ ನೋಡಬೇಕು."

ಮೌನೇಶಜ್ಜ ಮರುದಿನ ತನ್ನ ಉಳಿ, ಬಾಚಿ, ಕೀಸುಳಿ ಎಲ್ಲ ಚೀಲದಲ್ಲಿ ಹಾಕಿಕೊಂಡು ಬಂದ. ಅವನ ಬೀಗರು ಕಿನ್ನಾಳದವರು, ಗೊಂಬೆ ಮಾಡುವವರು. ಅವರಿಂದ ಗೊಂಬೆಯ ಹಗುರ ಕಟ್ಟಿಗೆ ತರಿಸಿದ. ಅಂಟು ಮಾಡುವುದನ್ನೂ ಅವನೇ ಕಲಿಸಿದ: ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಒರಳಿನಲ್ಲಿ ನುಣ್ಣಗೆ ಅರೆದು, ಕುದಿಸಿ ಗಂಜಿ ಮಾಡಬೇಕು. ಆ ಗಂಜಿ ಬಳಿದು ಎರಡು ಹಲಗೆ ಕೂಡಿಸಿ ಕಟ್ಟಿಟ್ಟರೆ ಮುಂದೆ ಹಲಗೆ ಮುರಿಯಬೇಕೇ ಹೊರತು ಅಂಟು ಬಿಡುವುದಿಲ್ಲ. ಅರೆಯುವ ಕೆಲಸ ನನಗೆ ಬಿತ್ತು. ಅಟ್ಟದ ಮೇಲಿನ ದೇವರ ಗೊಂಬೆ ಅಜ್ಜನ ಕಾಲದಿಂದ ಹಾಗೇ ಕೂತಿದೆ, ಅದೂ ಇದೇ ಅಂಟೇ, ನೋಡು ಎಂದು ಮೌನೇಶಜ್ಜ ತೋರಿಸುತ್ತಿದ್ದ.

ಆಮೇಲೆ ದರ್ಜಿ ಖಾಜಾಸಾಬ ಬಂದ. ನಾನು ಅವನನ್ನು ಖಾಜಾಮಾಮಾ ಎನ್ನುತ್ತಿದ್ದೆ. ಹಳೆಯ ಸೊಳ್ಳೆಪರದೆ ಕತ್ತರಿಸಿ ಬೋಟಿಗೆ ಬಲೆ ಹೊಲಿದುಕೊಟ್ಟ. ನಿವೃತ್ತರಾಗಿ ಮನೆಯಲ್ಲಿ ಹೊತ್ತು ಹೋಗದೆ ಕೂತಿದ್ದ ಹಂಪಣ್ಣ ಮಾಸ್ತರು ಬಂದರು, ಕ್ಯಾಲೆಂಡರಿನಿಂದ ಹರಿದ ಹಾಯಿ ಹಡಗಿನ ಚಿತ್ರವೊಂದನ್ನು ಹಿಡಿದುಕೊಂಡು. ಅವರಲ್ಲಿ ಸಮುದ್ರವನ್ನು ಕಂಡವನು ಅಪ್ಪ ಒಬ್ಬನೇ. ಉಳಿದವರು ತಮಗೆ ತೋಚಿದ್ದನ್ನು ಕೂಡಿಸಿದರು. ನಮ್ಮ ಹಡಗಿನ ಹಾಯಿ ಕಟ್ಟುವ ಕೂವೆಕಂಬಕ್ಕೆ ಮೌನೇಶಜ್ಜ ಮನೆಯ ಕಂಬಕ್ಕೆ ಕೆತ್ತುವಂತೆ ಕಮಲ ಕೆತ್ತಿದ. ಖಾಜಾಮಾಮಾ ಹಾಯಿಗೆ ಧೋತರದ ಅಂಚು ಇಟ್ಟು ಹೊಲಿದ. ಮಾಸ್ತರು ಮುಂದಿನ ತುದಿಯಲ್ಲಿ ಬಸವಣ್ಣನ ಮುಖ ಇರಲೆಂದರು, ಇರಲಿ ಅಂತ ಅದನ್ನೂ ಮಾಡಿದರು. ದಿನಾ ಮಧ್ಯಾಹ್ನ ಊಟವಾಗಿ ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಹಾಜರು. ಒಬ್ಬ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ, ಅವ್ವ ಚಹಾ ಮಾಡುತ್ತಿದ್ದಳು. ಓಣಿಯವರು ಬಾಗಿಲಲ್ಲಿ ಇಣುಕಿ "ಹುಚ್ಚ ಬಿಡೂತನಾ ಮದುವಿ ಆಗೂದಿಲ್ಲ, ಮದುವಿ ಆಗೂತನಾ ಹುಚ್ಚ ಬಿಡೂದಿಲ್ಲ" ಎಂದು ನಕ್ಕರೂ, ಹೋಗುವಾಗ ಒಂದು ಒಳ್ಳೆ ಕಟ್ಟಿಗೆ ತುಂಡೋ, ಬಣ್ಣದ ಡಬ್ಬಿಯ ತಳದಲ್ಲಿ ಉಳಿದ ಬಣ್ಣವೋ ಕೊಟ್ಟೇ ಹೋಗುತ್ತಿದ್ದರು. ನೀರು ಬಿಡುವ ನಿಂಗಪ್ಪ ಯಾರ ಮನೆಗೂ ಬೇರೆಯವನಲ್ಲ. ಕೊಪ್ಪಳದಿಂದಲೂ ಒಮ್ಮೆ ಯಾರೋ ಕೇಳಿಕೊಂಡು ನೋಡಲು ಬಂದರು.

ನನಗೆ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಏನು ಮಾಡಲಿ. ಅಣ್ಣ ಹೋದ ಮನೆಯಲ್ಲಿ ನಾನು ಖುಷಿಯಾಗಿದ್ದೆ. ನನ್ನ ಬೆರಳು ಸಣ್ಣವು, ಕೂವೆಕಂಬದಿಂದ ಅಂಚಿಗೆ ದಾರ ಎಳೆದು ಗಂಟು ಹಾಕುವುದು ನನ್ನ ಕೆಲಸ. ಹುಡುಗಿ ಅಂತ, ಸಣ್ಣವಳು ಅಂತ ಯಾರೂ ದೂಡಲಿಲ್ಲ. "ನಮ್ಮ ರೇಣಿ ಗಂಟ ಹಾಕಿದ್ಲಂದ್ರ ಗಾಳಿ ಬಂದು ಕೈ ಮುಗೀಬೇಕು" ಎನ್ನುತ್ತಿದ್ದ ಖಾಜಾಮಾಮಾ. ಒಂದು ವಸ್ತುವನ್ನು ಮುಗಿಯುವ ತನಕ ಬಿಡಬಾರದು, ಕಾಣದ ಕಡೆಯೂ ನುಣ್ಣಗೆ ಉಜ್ಜಬೇಕು ಎಂಬುದೆಲ್ಲ ನನಗೆ ಬಂದದ್ದು ಆ ನಾಲ್ವರು ಗಂಡಸರ ನಡುವೆ ಕೂತು. ಇವತ್ತಿಗೂ ಹುಣಸೆ ಬೀಜ ಕುದಿಯುವ ವಾಸನೆ ಬಂದರೆ ಮೊದಲು ಸುಖವಾಗುತ್ತದೆ. ಆಮೇಲೆ ಎದೆ ಧಸಕ್ಕೆನ್ನುತ್ತದೆ.

ಎಷ್ಟು ಬೇರೆ ಬೇರೆ ಹಡಗು ಮಾಡಿದರೂ ಅಪ್ಪ ತಿರುಗಿ ಬರುತ್ತಿದ್ದದ್ದು ಆ ಮೀನಿನ ಬೋಟಿಗೇ. ಒಂದನ್ನು ಮುಗಿಸಿ, ಹೊರಸಿನ ಮೇಲಿಟ್ಟು, ಹಿಂದಿನ ತುದಿಯಲ್ಲಿ ಬೆರಳು ನಿಲ್ಲಿಸಿ ಮೂವರನ್ನೂ ಕೇಳುತ್ತಿದ್ದ: "ಇಲ್ಲಿ ನಿಂತಾನ. ಅಂಚ ಸೊಂಟದ ಮಟಾ ಐತಿ. ಈಗ ಹೇಳ್ರಿ, ಹೆಂಗ ಬೀಳ್ತಾನ?"

ಅವರು ಏನು ಹೇಳಬೇಕು? ತೂಕಡಿಸಿರಬಹುದು, ತೆರೆ ಬಂದಿರಬಹುದು, ಕಾಲು ಜಾರಿರಬಹುದು. ಯಾವುದನ್ನೂ ಹೇಳಲಿಲ್ಲ. "ಖರೇ ಐತಿ ನಿಂಗಪ್ಪ, ಬೀಳಾಕ ಆಗೂದಿಲ್ಲ" ಎನ್ನುತ್ತಿದ್ದರು ಮಾಸ್ತರು. "ಬಿದ್ರೂ ಬ್ಯಾರೆ ಬೋಟಿನವ್ರು ಎತ್ತಿಕೊಂಡಿರ್ತಾರ, ಯಾವ ಊರಿಗೆ ಒಯ್ದಾರೋ ಏನೋ" ಎನ್ನುತ್ತಿದ್ದ ಖಾಜಾಮಾಮಾ. ಮೌನೇಶಜ್ಜ ತಲೆಯಾಡಿಸುತ್ತಿದ್ದ. ಅಪ್ಪನ ಮುಖ ಅರಳುತ್ತಿತ್ತು. ಮರುದಿನ ಇನ್ನೂ ಸರಿಯಾದ ಅಳತೆಯ ಇನ್ನೊಂದು ಬೋಟು ಶುರು. ಒಳಗೆ ಅವ್ವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಅವ್ವನ ಸಂಕಟ ಬೇರೆ ಇತ್ತು. ಮಹಾನವಮಿ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ದೇವರ ಜಗುಲಿಯ ಮುಂದೆ ಕರಿ ಕಂಬಳಿ ಹಾಸಿ, ಸತ್ತವರಿಗೆ ಒಬ್ಬೊಬ್ಬರ ಹೆಸರಿನಲ್ಲಿ ಹೊಸ ಬಟ್ಟೆ ಮಡಚಿಟ್ಟು, ವಿಭೂತಿ ಹಚ್ಚಿ, ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದುದನ್ನು ಎಡೆ ಇಡಬೇಕು. ಅಜ್ಜನಿಗೆ ಧೋತರ, ಒಂದು ಕಟ್ಟು ಬೀಡಿ. ಅಜ್ಜಿಗೆ ಸೀರೆ, ಎಲೆ ತಂಬಾಕು. ಎಡೆ ಇಟ್ಟ ಮೇಲೆ ಬಾಗಿಲು ಮುಂದಕ್ಕೆಳೆದು ಮನೆಮಂದಿಯೆಲ್ಲ ಅಂಗಳದಲ್ಲಿ ಸದ್ದಿಲ್ಲದೆ ಕೂಡಬೇಕು, ಒಳಗೆ ಹಿರಿಯರು ಉಂಡು ಹೋಗುತ್ತಾರೆ. ಎಡೆ ಇಲ್ಲದ ಜೀವ ಹಸಿದುಕೊಂಡು ಊರೂರು ತಿರುಗುತ್ತದೆ ಎಂಬುದು ಅವ್ವನ ನಂಬಿಕೆ. ಮಂಜಣ್ಣನಿಗೆ ಹಸಿವು ತಡೆಯುವ ಶಕ್ತಿ ಮೊದಲಿನಿಂದಲೂ ಇರಲಿಲ್ಲ. ಹಬ್ಬ ಬಂದಾಗಲೊಮ್ಮೆ ಅವ್ವ ಕೇಳುತ್ತಿದ್ದಳು.

"ನನ್ನ ಮಗಗೂ ಒಂದು ಎಡಿ ಇಡತೀನ್ರಿ. ಮೂಲ್ಯಾಗ ಇಡತೀನಿ, ಯಾರಿಗೂ ಕಾಣದಂಗ."

"ಬದುಕಿದ್ದವಗ ಎಡಿ ಇಟ್ರ ಆಯುಷ್ಯ ಕಡಿಮಿ ಆಗ್ತೈತಿ. ಕೊಲ್ಲತೀಯೇನು ಅವನ್ನ?"

"ಉಪಾಸ ಅದಾನ್ರಿ ಅಂವ."

"ಎಲ್ಲ್ಯರ ಉಂಡಿರ್ತಾನ. ಸುಮ್ಮಕಿರು."

ಇಬ್ಬರದೂ ಪ್ರೀತಿಯೇ. ಒಬ್ಬಳು ಉಣಿಸಬೇಕೆಂದು ಅವನನ್ನು ಸತ್ತವರಲ್ಲಿ ಸೇರಿಸಬೇಕಿತ್ತು, ಒಬ್ಬ ಉಳಿಸಬೇಕೆಂದು ಅವನನ್ನು ಉಪವಾಸ ಇಡಬೇಕಿತ್ತು. ನಾನು ಮಾತ್ರ ಅವರಿಬ್ಬರ ನಡುವೆ ಮಲಗುತ್ತಿದ್ದವಳು. ಯಾರ ಕಡೆ ಹೊರಳಿದರೂ ಇನ್ನೊಬ್ಬರಿಗೆ ಬೆನ್ನು ತೋರಿಸಿದಂತೆ ಆಗುತ್ತಿತ್ತು, ಅದಕ್ಕೆ ಅಂಗಾತ ಮಲಗುವುದನ್ನು ಕಲಿತೆ.

ಒಂದು ವರ್ಷ ಹಬ್ಬ ಹತ್ತಿರ ಬಂದಾಗ ಅವ್ವನ ತಾಳ್ಮೆ ಮುಗಿಯಿತು. ಮಧ್ಯಾಹ್ನ ಎಂದಿನಂತೆ ಚಹಾ ತಂದಳು. ಹೊರಸಿನ ಮೇಲೆ ಹೊಸ ಬೋಟು, ಇದುವರೆಗಿನ ಎಲ್ಲಕ್ಕಿಂತ ದೊಡ್ಡದು, ತೊಟ್ಟಿಲಷ್ಟು ಉದ್ದ. ಮಾಸ್ತರು ಆಗ ತಾನೇ "ಬೀಳಾಕ ಆಗೂದೇ ಇಲ್ಲ" ಎಂದಿದ್ದರು. ಅವ್ವ ಚಹಾದ ತಾಟು ನೆಲಕ್ಕಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಗಂಡಸರ ನಡುವೆ ಅವಳು ಹಾಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನೀವೆಲ್ಲಾ ಭಾಳ ಛಲೋ ಮಂದಿ ಅದೀರಿ. ಅದಕ್ಕ ನನ್ನ ಮನಿ ಹಾಳಾಗಾಕತ್ತೈತಿ."

ಮೌನೇಶಜ್ಜ ಉಳಿ ಕೆಳಗಿಟ್ಟ. ಅವ್ವ ಮುಂದುವರಿಸಿದಳು.

"ನಿಮ್ಮೊಳಗ ಒಬ್ಬ ಕೆಟ್ಟಾಂವ ಇದ್ದಿದ್ರ, 'ಮಗಾ ಸತ್ತಾನಲೇ ನಿಂಗಪ್ಪ' ಅಂತ ಒಂದ ಮಾತು ಅಂದಿರ್ತಿದ್ದ. ಜಗಳ ಆಡಿ, ಹೊಡೆದಾಡಿ, ಇವರು ಒಂದಿನ ಅತ್ತಿರ್ತಿದ್ರು. ನಾ ಮಗಗ ಎಡಿ ಇಟ್ಟಿರ್ತಿದ್ದೆ. ಯಾರೂ ಅನ್ನಲಿಲ್ಲ. ದಿನಾ ಬಂದ್ರಿ, ದಿನಾ ಕೂಡಿಸಿದ್ರಿ, ದಿನಾ ಹೌದಂದ್ರಿ."

ಖಾಜಾಮಾಮಾ ತಲೆ ತಗ್ಗಿಸಿ "ತಪ್ಪಾತು ವೈನಿ" ಎಂದ. ಅಪ್ಪನಿಗೆ ರೇಗಿತು. "ತಪ್ಪೇನೈತಿ ಇದರಾಗ? ಇದ್ದದ್ದ ಹೇಳ್ಯಾರ!" ಎಂದು ಕೂಗಿದ. ಪಾಪ, ಹಂಪಣ್ಣ ಮಾಸ್ತರು. ಜಗಳ ಬಿಡಿಸಲು ಹೋಗಿ ತಿಳಿಯದೆ ಒಂದು ಮಾತು ಆಡಿಬಿಟ್ಟರು.

"ಹಂಗಂದ್ರ ನೀರಿಗೆ ಬಿಟ್ಟ ನೋಡೂಣಲ್ಲ? ಸಿದ್ದಾಪುರದಾಗ ನಮ್ಮ ತಂಗಿ ಮನಿ ಐತಿ, ಮನಿ ಹಿಂದ ಕಾಲಿವಿ. ಅಲ್ಲಿ ತೇಲಿಬಿಟ್ಟು ನೋಡೂಣು."

ಅಪ್ಪ ಆ ಮಾತನ್ನು ಗಬಕ್ಕನೆ ಹಿಡಿದ. ಅವ್ವನ ಕಡೆ ತಿರುಗಿ, "ಆತು. ಬೋಟಿನ್ಯಾಗ ಒಂದು ಗೊಂಬಿ ನಿಲ್ಲಸ್ತೀನಿ, ಅಂವ ನಿಂತಲ್ಲೇ. ನೀರು ಎಷ್ಟರ ಅಲುಗಾಡಲಿ. ಗೊಂಬಿ ಬಿತ್ತಂದ್ರ ಈ ಹಬ್ಬಕ್ಕ ಎಡಿ ಇಡು, ನಾ ಅಡ್ಡ ಬರೂದಿಲ್ಲ. ಬೀಳಲಿಲ್ಲಂದ್ರ ಸಾಯೂಮಟ ಈ ಮಾತು ತೆಗೀಬಾರದು" ಎಂದ.

ಅವ್ವ ಬೋಟಿನ ಅಂಚು ಮುಟ್ಟಿ ನೋಡಿದಳು. "ಆತು" ಎಂದಳು.

ಗೊಂಬೆ ಕಿನ್ನಾಳದಿಂದ ಬಂತು. ಅಂಚು ಸರಿಯಾಗಿ ಅದರ ಸೊಂಟಕ್ಕೆ ಬರಬೇಕೆಂದು ಅಪ್ಪ ಅಳತೆಯ ಕಡ್ಡಿ ಕಳಿಸಿದ್ದ. ಮುಖ ಬರೆಯುವುದು ಬೇಡ ಎಂದೂ ಹೇಳಿ ಕಳಿಸಿದ್ದ. ಆದರೆ ಗೊಂಬೆ ಮಾಡುವವರಿಗೆ ಮುಖವಿಲ್ಲದೆ ಗೊಂಬೆ ಕೊಟ್ಟು ರೂಢಿಯಿಲ್ಲ. ದೊಡ್ಡ ಕಣ್ಣು ಬರೆದು, ತಿರುವಿದ ಮೀಸೆಯನ್ನೂ ಬರೆದು ಕಳಿಸಿದ್ದರು. ಅವ್ವ ಅದನ್ನು ಕೈಯಲ್ಲಿ ಹಿಡಿದು "ಇವಗ್ಯಾಕ ಮೀಸಿ? ನನ್ನ ಮಗಗ ಇನ್ನೂ ಚಿಗುರಿದ್ದಿಲ್ಲ" ಎಂದಳು. ಅಷ್ಟೇ ಅಂದಳು, ತಿರುಗಿ ಕೊಟ್ಟಳು.

ಟೆಂಪೋ ಮಾಡಿಕೊಂಡು ಹೋದೆವು. ಅಪ್ಪ ಬೋಟನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮೌನೇಶಜ್ಜ, ಖಾಜಾಮಾಮಾ, ಮಾಸ್ತರು ಎದುರು ಕೂತಿದ್ದರು. ಅವ್ವ ಎಲ್ಲರಿಗೂ ಸಾಲುವಷ್ಟು ಬುತ್ತಿ ಕಟ್ಟಿ ತಂದಿದ್ದಳು, ರೊಟ್ಟಿ, ಪುಂಡಿ ಪಲ್ಲೆ, ಗಟ್ಟಿ ಮೊಸರು. ಗಂಗಾವತಿ ಹತ್ತಿರವಾದಂತೆ ನೆಲದ ಬಣ್ಣ ಬದಲಾಯಿತು. ಎಲ್ಲಿ ನೋಡಿದರೂ ಭತ್ತದ ಹಸಿರು, ಗದ್ದೆಯಲ್ಲಿ ನಿಂತ ನೀರು. ಅಷ್ಟು ನೀರು ಸುಮ್ಮನೆ ಬಯಲಲ್ಲಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಮೌನೇಶಜ್ಜನೂ ಕಿಟಕಿಯಿಂದ ತಲೆ ಹೊರಹಾಕಿ "ಎಪ್ಪಾ, ಯಪ್ಪಾ" ಎನ್ನುತ್ತಲೇ ಇದ್ದ. ಎಲ್ಲರಿಗೂ ಒಂದು ನಮೂನೆ ಹಬ್ಬದ ಉತ್ಸಾಹ ಬಂದಿತ್ತು. ಯಾಕೆ ಹೋಗುತ್ತಿದ್ದೇವೆ ಎಂಬುದು ಮರೆತಂತೆ ಆಗಿತ್ತು.

ಸಿದ್ದಾಪುರದಲ್ಲಿ ಅಪ್ಪ ಕಾಲುವೆಯ ಮೆಟ್ಟಿಲು ಇಳಿದ. ಬೋಟಿನ ಮುಂದಿನ ತುದಿಗೆ ಉದ್ದನೆಯ ಹುರಿ ಕಟ್ಟಿ, ಗೊಂಬೆಯನ್ನು ಹಿಂದಿನ ತುದಿಯಲ್ಲಿ ನಿಲ್ಲಿಸಿ, ನೀರಿಗೆ ಬಿಟ್ಟ. ತೇಲಿತು! ಮಾಸ್ತರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಮಾಡಿದ ಹಡಗುಗಳಲ್ಲಿ ನೀರು ಕಂಡದ್ದು ಇದೊಂದೇ. ಖಾಜಾಮಾಮಾ ಪೈಜಾಮ ಮೇಲಕ್ಕೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ನೀರು ಕಲಕಿದ. ತೆರೆ ಎದ್ದವು. ಬೋಟು ಆ ಕಡೆ ಈ ಕಡೆ ಓಲಾಡಿತು, ಗೊಂಬೆ ಅಂಚಿಗೆ ಒರಗಿತು, ಬೀಳಲಿಲ್ಲ. "ಇನ್ನೂ ಜೋರ ಮಾಡೋ ಖಾಜಾ" ಎಂದ ಅಪ್ಪ. ಇನ್ನೂ ಜೋರಾಗಿ ಕಲಕಿದ. ಗೊಂಬೆ ಬೀಳಲಿಲ್ಲ. ಅಪ್ಪ ಅವ್ವನ ಕಡೆ ತಿರುಗಿ ನೋಡಿದ. ಆ ಮುಖ ನನ್ನ ಕಣ್ಣಲ್ಲಿ ಈಗಲೂ ಇದೆ. ಮಗನೇ ಎದುರಿಗೆ ಬಂದು ನಿಂತಿದ್ದರೂ ಅಷ್ಟು ಬೆಳಕು ಬರುತ್ತಿತ್ತೋ ಇಲ್ಲವೋ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಬೋಟಿನ ಬದಿಯ ಒಂದು ಹಲಗೆ ಮೆಲ್ಲಗೆ ಹೊರಕ್ಕೆ ವಾಲಿತು. ಯಾರಿಗೂ ಮೊದಲು ಏನೆಂದು ತಿಳಿಯಲಿಲ್ಲ. ಇನ್ನೊಂದು ಹಲಗೆ ಬಿಟ್ಟಿತು. ಹುಣಸೆ ಬೀಜದ ಅಂಟು. ಹೊರಗೆ ಬಣ್ಣ ಇತ್ತು, ಒಳಗೆ ಇರಲಿಲ್ಲ, ಕಲಕಿದ ನೀರು ಅಂಚು ದಾಟಿ ಒಳಗೆ ತುಂಬಿ ಅಂಟನ್ನು ಮತ್ತೆ ಗಂಜಿ ಮಾಡಿತ್ತು. ಬಿರುಸಿನಲ್ಲಿ ಒಡೆಯಲಿಲ್ಲ ಅದು, ಒಂದೊಂದೇ ಬಿಚ್ಚಿಕೊಂಡಿತು. ಅಪ್ಪ ಗಾಬರಿಯಾಗಿ ಹುರಿ ಎಳೆದ. ಮುಂದಿನ ಹಲಗೆಯೊಂದೇ ಹುರಿಯ ಜೊತೆ ಬಂತು. ಗೊಂಬೆಯ ಕಾಲ ಕೆಳಗಿನ ಹಲಗೆ ಸರಿದು, ಗೊಂಬೆ ಅಂಗಾತ ನೀರಿಗೆ ಬಿತ್ತು. ಹಗುರ ಕಟ್ಟಿಗೆಯದು, ಮುಳುಗಲಿಲ್ಲ. ದೊಡ್ಡ ಕಣ್ಣು ತೆರೆದುಕೊಂಡು, ಮೀಸೆ ಹೊತ್ತುಕೊಂಡು, ನೀರು ಹೋಗುವ ಕಡೆ ಹೊರಟಿತು.

ಅಪ್ಪ ದಂಡೆಯ ಮೇಲೆ ಓಡಿದ. "ಮಂಜಾ! ಏ ಮಂಜಾ!" ಎಂದು ಕೂಗುತ್ತ ಓಡಿದ. ಅವನ ಹಿಂದೆ ಅವ್ವ. ಪಣ ಗೆದ್ದವಳು ಅವಳು, ಗೊಂಬೆ ಬಿದ್ದಿತ್ತು. ಆದರೆ ಅವಳು ಅಪ್ಪನಿಗಿಂತ ಜೋರಾಗಿ, ಸೀರೆ ಕಾಲಿಗೆ ತೊಡರಿ ಬಿದ್ದು ಎದ್ದು, "ಹಿಡೀರ್ಯೋ! ಯಾರರ ಹಿಡೀರ್ಯೋ ಅವನ್ನ! ನನ್ನ ಮಗಗ ಈಸ ಬರೂದಿಲ್ಲ!" ಎಂದು ಚೀರುತ್ತ ಓಡಿದಳು. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಖರೇ ಯಾವುದೋ ಕೂಸು ಬಿದ್ದಿದೆ ಎಂದುಕೊಂಡು ಕುಡಗೋಲು ಬಿಸಾಕಿ ಓಡಿಬಂದರು. ಅಷ್ಟರಲ್ಲಿ ಗೊಂಬೆ ರಸ್ತೆಯ ಕೆಳಗಿನ ಮೋರಿಯೊಳಗೆ ಹೋಯಿತು. ಆ ಬದಿಯಲ್ಲಿ ಕಾದು ನಿಂತೆವು. ಬರಲಿಲ್ಲ. ಒಳಗೆ ಎಲ್ಲೋ ಸಿಕ್ಕಿಬಿದ್ದಿತ್ತು. ತಂದ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಮೌನೇಶಜ್ಜ ಹಣೆ ಹಣೆ ಬಡಿದುಕೊಂಡ. "ಅಂಟು ನೀರಾಗ ಬಿಡ್ತೈತಂತ ನನಗ ಗೊತ್ತಿಲ್ಲೇನು? ಗೊತ್ತಿತ್ತೋ ತಮ್ಮಾ. ಆದ್ರ ಹಡಗ ಅಂದ್ರ ನೀರಿಗೆ ಹೋಗೂದಂತ ನೆನಪ ಬರಲೇ ಇಲ್ಲ. ಇಷ್ಟ ವರ್ಷ ಮಾಡಿದ್ವಿ, ಒಬ್ಬರಿಗರ ನೆನಪ ಬಂತೇನು?" ಯಾರಿಗೂ ಬಂದಿರಲಿಲ್ಲ. ನಮ್ಮ ಹಡಗುಗಳೆಲ್ಲ ತೊಲೆಗೆ ತೂಗುಬೀಳುವ ಹಡಗುಗಳು. ಮಳೆಗೂ ಹೊರಗಿಟ್ಟವಲ್ಲ.  ಊರು ಬಂದು ಇಳಿಯುವಾಗ ಅಪ್ಪ ಅವ್ವನಿಗೆ, "ಈ ಸಲ ಎಡಿ ಇಡು" ಎಂದ.

ಮರುದಿನದಿಂದ ಆ ಮೂವರೂ ಬರುವುದನ್ನು ಬಿಟ್ಟರು. ಸಿಟ್ಟಿನಿಂದಲ್ಲ, ಮುಖ ತೋರಿಸಲು ಆಗದೆ. ಓಣಿಯಲ್ಲಿ ಅಪ್ಪನನ್ನು ಕಂಡರೆ ಮಾಸ್ತರು ಬೇರೆ ದಾರಿ ಹಿಡಿಯುತ್ತಿದ್ದರು. ಅಪ್ಪ ಹಡಗುಗಳನ್ನೆಲ್ಲ ಇಳಿಸಿ ಓಣಿಯ ಹುಡುಗರಿಗೆ ಕೊಟ್ಟ. ನಾವೆಲ್ಲ ತಲೆ ಎತ್ತಿಕೊಂಡು ಮನೆಯೊಳಗೆ ಬರುವಂತಾಯಿತು. ಏನು ಪ್ರಯೋಜನ? ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಮನೆ ಭಣಗುಡುತ್ತಿತ್ತು. ಅವ್ವ ಮರೆತು ಎಲ್ಲರಿಗೂ ಆಗುವಷ್ಟು ಚಹಾ ಇಟ್ಟು, ಆರಿದ ಮೇಲೆ ಹಿತ್ತಲಿಗೆ ಚೆಲ್ಲುತ್ತಿದ್ದಳು. ಅಪ್ಪ ನೀರು ಬಿಟ್ಟು ಬಂದು ಗೋಡೆಗೆ ಒರಗಿ ಕೂತರೆ ಕತ್ತಲಾದರೂ ಏಳುತ್ತಿರಲಿಲ್ಲ. ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ನನಗೆ ಆ ವಯಸ್ಸಿಗೇ ಒಂದು ವಿಷಯ ತಿಳಿಯಿತು: ನಾವು ಮೂವರೂ ಸೇರಿ ಮಂಜಣ್ಣನನ್ನು ಎರಡನೇ ಸಲ ಕಳಕೊಂಡಿದ್ದೇವೆ, ಮತ್ತು ಈ ಸಲ ನಮ್ಮ ಕಣ್ಣೆದುರಿಗೇ. ಇವತ್ತಿಗೂ ಸಾವಾದ ಮನೆಗೆ ಹೋದರೆ ನನ್ನ ಬಾಯಿಂದ ಸಮಾಧಾನದ ಮಾತು ಹೊರಡುವುದಿಲ್ಲ. ಹಿತ್ತಲಿಗೆ ಹೋಗಿ ಬಿದ್ದಿರುವ ಪಾತ್ರೆ ತೊಳೆದಿಟ್ಟು ಬರುತ್ತೇನೆ. ಗಟ್ಟಿ ಎದೆಯವಳು ಎನ್ನುತ್ತಾರೆ. ಅನ್ನಲಿ.

ಹಬ್ಬದ ಮುಂಜಾನೆ ಖಾಜಾಮಾಮಾ ಬಂದ. ಬಾಗಿಲಾಚೆಗೇ ನಿಂತು ಪೇಪರಿನಲ್ಲಿ ಸುತ್ತಿದ ಹೊಸ ಅಂಗಿಯನ್ನು ನನ್ನ ಕೈಗಿತ್ತ. "ನಿಮ್ಮವ್ವ ಹೇಳಿದ ಅಳತಿಗೇ ಹೊಲದೀನಿ, ಮಗಳ" ಎಂದು ಹೇಳಿ, ಒಳಗೆ ಬಾ ಎಂದರೂ ಕೇಳದೆ ಹೊರಟುಹೋದ. ಅವ್ವ ನಸುಕಿನಿಂದಲೇ ಒಲೆಯ ಮುಂದೆ ಇದ್ದಳು. ಹೋಳಿಗೆ, ಕಟ್ಟಿನ ಸಾರು, ಕರಿದ ಹಪ್ಪಳ, ಮಂಜಣ್ಣ ಕದ್ದು ತಿನ್ನುತ್ತಿದ್ದ ಶೇಂಗಾ ಉಂಡೆ. ಕಂಬಳಿ ಹಾಸಿ, ಅಜ್ಜನ ಧೋತರ, ಅಜ್ಜಿಯ ಸೀರೆಯ ಪಕ್ಕದಲ್ಲಿ ಅಂಗಿಯ ಮಡಿಕೆ ಇಟ್ಟು ವಿಭೂತಿ ಹಚ್ಚಿದಳು.  ನಾನು ಊದಿನಕಡ್ಡಿ ಹಚ್ಚಿದೆ. ಅಪ್ಪ ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದು ಕಂಬಳಿಯ ಮುಂದೆ ಕೂತ. ಆ ಅಂಗಿಯನ್ನು ಒಂದು ಸಲ ಮುಟ್ಟಬೇಕೆನಿಸಿತೇನೋ, ಎತ್ತಿಕೊಂಡು ಬಿಡಿಸಿದ.

ಮಂಜಣ್ಣ ಹೋದಾಗ ಕಡ್ಡಿಯಂಥ ಹುಡುಗ. ಅಪ್ಪನ ಹಳೆ ಅಂಗಿ ಹಾಕಿಕೊಂಡರೆ ಅವನ ಹೆಗಲಿಂದ ಜಾರುತ್ತಿತ್ತು. ಈ ಅಂಗಿ ಅಪ್ಪನಿಗೂ ದೊಡ್ಡದಿತ್ತು. ಅಗಲ ಎದೆ, ಉದ್ದ ತೋಳು, ತುಂಬಿದ ಗಂಡಸಿನ ಅಂಗಿ. ಅಪ್ಪ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅವ್ವನ ಮುಖ ನೋಡಿದ.

"ಇಷ್ಟ ದೊಡ್ಡದ್ಯಾಕ ಹೊಲಿಸೀದಿ?"

ಅವ್ವ ಎಡೆಯ ಮೇಲೆ ತುಪ್ಪ ಬಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಈಗ ಮೈ ತುಂಬಿರ್ತಾನಲ್ರಿ ಅಂವ" ಎಂದಳು.